ಆಲ್ದೂರು ಬಳಿಯ ತೋಟದ ಮನೆಯಲ್ಲಿ ಮೂರು ಇಂಟಿಗ್ರೇಟೆಡ್ ಆಂಪ್ಲಿಫೈಯರ್: ಒಂದು ಪ್ರಕರಣ ಅಧ್ಯಯನ

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನಿಂದ ಸ್ವಲ್ಪ ಒಳಗಿರುವ ಕಾಫಿ ತೋಟದ ಮನೆ. ಹಜಾರ 24 ಅಡಿ ಉದ್ದ, 16 ಅಡಿ ಅಗಲ. ಮೇಲೆ ಮಂಗಳೂರು ಹೆಂಚು, ಅದರ ಕೆಳಗೆ ಮರದ ಹಲಗೆ, ನೆಲಕ್ಕೆ ರೆಡ್ ಆಕ್ಸೈಡ್. ಸ್ಪೀಕರ್ ಮೊದಲೇ ಬಂದಿತ್ತು: ಬೋವರ್ಸ್ ಆ್ಯಂಡ್ ವಿಲ್ಕಿನ್ಸ್ 804 ಡಿ4. ಹಳೆಯ ಆಂಪ್ ಕೆಟ್ಟು ಕೂತ ಮೇಲೆ ಹೊಸದು ಯಾವುದು ಎಂಬ ಪ್ರಶ್ನೆ ಬಂತು. ಮನೆಯವರ ಬೇಡಿಕೆ ಸ್ಪಷ್ಟವಾಗಿತ್ತು: ಇಪ್ಪತ್ತು ವರ್ಷ ಬಾಳಬೇಕು, ಅಪ್ಪನ ಕಾಲದ ಎಲ್‌ಪಿ ತಟ್ಟೆಗಳು ನುಡಿಯಬೇಕು, ಮಳೆಗಾಲದ ರಾತ್ರಿ ಹೆಂಚಿನ ಮೇಲೆ ಮಳೆ ಸುರಿಯುವಾಗಲೂ ಚಂಡೆ ಮದ್ದಳೆಯ ಪೆಟ್ಟು ಒಡೆಯದೆ ಕೇಳಬೇಕು.

ಪಟ್ಟಿಯಲ್ಲಿ ನಾಲ್ಕು ಹೆಸರಿದ್ದವು, ಎಲ್ಲವೂ ಇಂಟಿಗ್ರೇಟೆಡ್, ಅಂದರೆ ಪ್ರೀಆಂಪ್ ಮತ್ತು ಪವರ್ ಆಂಪ್ ಒಂದೇ ಡಬ್ಬದಲ್ಲಿರುವವು. ಜಪಾನಿನ ಲಕ್ಸ್‌ಮನ್ ಎಲ್-507ಝಡ್, ನಾರ್ವೆಯ ಹೆಗೆಲ್ ಎಚ್400, ಎನ್ಎಡಿ ಎಂ33, ಅಮೆರಿಕದ ಪಾಸ್ ಲ್ಯಾಬ್ಸ್ ಐಎನ್‌ಟಿ-25. ನಾಲ್ಕೂ ನಾಲ್ಕು ದಾರಿಯವು. (ಎ, ಎಬಿ, ಡಿ ಕ್ಲಾಸ್ ಎಂಬುವು ಆಂಪ್ ಒಳಗೆ ಶಕ್ತಿ ಹರಿಸುವ ಬೇರೆ ಬೇರೆ ಬಗೆಗಳು.) ಲಕ್ಸ್‌ಮನ್ ಎಬಿ ಕ್ಲಾಸಿನದು, ಪೂರ್ತಿ ಅನಲಾಗ್. ಒಳಗೆ ಡಿಎಸಿ (ಡಿಜಿಟಲ್ ಸಂಕೇತವನ್ನು ಅನಲಾಗ್‌ಗೆ ತಿರುಗಿಸುವ ಭಾಗ) ಇಲ್ಲ, ನೆಟ್‌ವರ್ಕ್ ಇಲ್ಲ, ಆದರೆ ಎಲ್‌ಪಿ ಸೂಜಿಯ ಎರಡು ಬಗೆಗಳಾದ ಎಂಎಂ ಮತ್ತು ಎಂಸಿ ಎರಡಕ್ಕೂ ಫೋನೋ (ಎಲ್‌ಪಿಯ ಸಂಕೇತವನ್ನು ಹಿಗ್ಗಿಸುವ ಭಾಗ) ಇದೆ, ಬಾಸ್ ಟ್ರೆಬಲ್ ತಿರುಪು ಇದೆ. ಹೆಗೆಲ್ ಕೂಡ ಎಬಿ ಕ್ಲಾಸ್. ಒಳಗೇ ಡಿಎಸಿ ಮತ್ತು ಸ್ಟ್ರೀಮಿಂಗ್ ಉಂಟು, ಫೋನೋ ಇಲ್ಲ, ಟೋನ್ ತಿರುಪೂ ಇಲ್ಲ. ಎನ್ಎಡಿ ಡಿ ಕ್ಲಾಸಿನದು. ಡೆನ್ಮಾರ್ಕಿನ ಪ್ಯೂರಿಫೈ ಕಂಪನಿಯ ಐಗನ್‌ಟ್ಯಾಕ್ಟ್ ಮಂಡಲ, ಡಿರ್ಯಾಕ್ ಲೈವ್ ಕೋಣೆ ತಿದ್ದುಪಡಿ, ಸ್ಟ್ರೀಮಿಂಗ್, ಫೋನೋ ಎಲ್ಲ ಒಂದೇ ಡಬ್ಬದಲ್ಲಿ. ಪಾಸ್ ಶುದ್ಧ ಎ ಕ್ಲಾಸ್, 8 ಓಮ್‌ಗೆ (ಓಮ್ ಎಂದರೆ ಸ್ಪೀಕರ್ ಒಡ್ಡುವ ರೋಧದ ಅಳತೆ) 25 ವ್ಯಾಟ್.

ಮನೆಗೆ ಬಂದದ್ದು ಮೊದಲ ಮೂರು ಮಾತ್ರ. ಪಾಸ್ ಕಾಗದದ ಲೆಕ್ಕದಲ್ಲೇ ಹೊರಗುಳಿಯಿತು. ಆ ಲೆಕ್ಕವನ್ನು ವಿವರವಾಗಿ ಹೇಳಲೇಬೇಕು. ಲಕ್ಷಗಟ್ಟಲೆ ದುಡ್ಡು ಕೊಡುವವರಲ್ಲಿ ಹೆಚ್ಚಿನವರು ಈ ಲೆಕ್ಕವನ್ನೇ ಮಾಡುವುದಿಲ್ಲ.

ವ್ಯಾಟ್ ಅಲ್ಲ, ವೋಲ್ಟ್

804 ಡಿ4ರ ಸೆನ್ಸಿಟಿವಿಟಿ 89 ಡೆಸಿಬೆಲ್ (ಡಿಬಿ, ಸದ್ದಿನ ಅಳತೆ). ಅಂದರೆ 2.83 ವೋಲ್ಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 89 ಡಿಬಿ ಸದ್ದು. ಕೂರುವ ಜಾಗ 11 ಅಡಿ, ಅಂದರೆ 3.35 ಮೀಟರ್ ದೂರ, ದೂರಕ್ಕೆ 10.5 ಡಿಬಿ ಕಳೆಯಬೇಕು. ಎರಡು ಸ್ಪೀಕರ್ ಸೇರುವುದಕ್ಕೆ 3 ಕೂಡಬೇಕು. ಗೋಡೆ ನೆಲಗಳಿಂದ ಮರಳಿ ಬರುವ ಸದ್ದಿಗೆ ಈ ಹಜಾರದಲ್ಲಿ ಒಂದೂವರೆ ಎರಡಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಏಕೆಂದರೆ ಮೇಲೆ ಹೆಂಚಿನವರೆಗೆ ಗಾಳಿ ತುಂಬಿದ ದೊಡ್ಡ ಜಾಗ, ಎರಡು ಬದಿಗೆ ತೆರೆದ ಬಾಗಿಲು. ಕೊನೆಗೆ 2.83 ವೋಲ್ಟಿಗೆ ಕೂತಲ್ಲಿ ಸಿಗುವುದು ಸುಮಾರು 83 ಡಿಬಿ.

ಮನೆಯವರು ದಿನವೂ ಕೇಳುವ ಸದ್ದು ಸರಾಸರಿ 75 ಡಿಬಿ. ಜೋರಾಗಿ ಕೇಳುವಾಗ 82. ಧ್ವನಿಮುದ್ರಿಕೆ ಚೆನ್ನಾಗಿದ್ದರೆ ತಾಳವಾದ್ಯದ ಪೆಟ್ಟು ಸರಾಸರಿಗಿಂತ 20 ಡಿಬಿ ಮೇಲೆ ಹಾರುತ್ತದೆ. ಹಾಗಾದರೆ ಜೋರಾಗಿ ಕೇಳುವ ದಿನ 102 ಡಿಬಿ ಬೇಕು. 83ರಿಂದ 102ಕ್ಕೆ 19 ಡಿಬಿ. ವೋಲ್ಟಿನ ಲೆಕ್ಕದಲ್ಲಿ 19 ಡಿಬಿ ಎಂದರೆ 8.9 ಪಟ್ಟು. 2.83ನ್ನು 8.9ರಿಂದ ಗುಣಿಸಿದರೆ 25.2 ವೋಲ್ಟ್. ಈ ಮನೆಗೆ ಬೇಕಾದ ಅಂಕಿ ಇದೊಂದೇ.

ಈಗ ಆಂಪ್‌ಗಳ ವ್ಯಾಟನ್ನು ವೋಲ್ಟಿಗೆ ತಿರುಗಿಸಿ: ವ್ಯಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಆಯಿತು. 8 ಓಮ್‌ಗೆ ಲಕ್ಸ್‌ಮನ್ 110 ವ್ಯಾಟ್, 29.7 ವೋಲ್ಟ್. ಹೆಗೆಲ್ 250 ವ್ಯಾಟ್, 44.7 ವೋಲ್ಟ್. ಎನ್ಎಡಿ 200 ವ್ಯಾಟ್, 40 ವೋಲ್ಟ್. ಪಾಸ್ 25 ವ್ಯಾಟ್, 14.1 ವೋಲ್ಟ್. ಪಾಸ್‌ಗೆ 5 ಡಿಬಿ ಕೊರತೆ. ದಿನದ 75 ಡಿಬಿಗೆ ಅದು ಧಾರಾಳ ಸಾಕು. ಆಗ ಬೇಕಾಗುವುದು 11 ವೋಲ್ಟ್ ಚಿಲ್ಲರೆ ಮಾತ್ರ. ಚಿಕ್ಕ ಕೋಣೆಯಲ್ಲಿ ಆರೇಳು ಅಡಿ ದೂರದಲ್ಲಿ ಕೂತು ಸಿತಾರು, ತಂಬೂರಿ, ಕಂಠ ಕೇಳುವವರಿಗೆ ಅದನ್ನೇ ಕೊಳ್ಳಿ ಎನ್ನಬಹುದು. ಈ ಹಜಾರಕ್ಕೆ, ಚಂಡೆಗೆ ಆಗದು. ಎ ಕ್ಲಾಸಿನ ಇನ್ನೊಂದು ಸ್ವಭಾವವನ್ನೂ ಕೊಳ್ಳುವ ಮೊದಲೇ ತಿಳಿದಿರಬೇಕು: ಹಾಡು ನಿಂತಿದ್ದರೂ ಅದು ತನ್ನ ಗರಿಷ್ಠ ಶಕ್ತಿಯ ಎರಡು ಪಟ್ಟಾದರೂ ವಿದ್ಯುತ್ತನ್ನು ಬಿಸಿಯಾಗಿ ಕಳೆಯುತ್ತಲೇ ಇರುತ್ತದೆ. ಎರಡು ಚಾನೆಲ್ ಸೇರಿ 50 ವ್ಯಾಟಿನ ಆಂಪ್ ಸುಮ್ಮನೆ ಕೂತಾಗಲೇ ನೂರು ವ್ಯಾಟಿನ ಬಲ್ಬು ಉರಿದ ಹಾಗೆ.

250 ಮತ್ತು 110ರ ನಡುವೆ ನೆಲ ಮುಗಿಲಿನ ಅಂತರವಿದೆ ಎಂದು ಅಂಕಿ ನೋಡಿದವರಿಗೆ ಅನಿಸುತ್ತದೆ. ಕಿವಿಗೆ ಅದು ಮೂರೂವರೆ ಡಿಬಿ ಅಷ್ಟೇ. ಆ ಮೂರೂವರೆ ಬೇಕೋ ಬೇಡವೋ ಎಂಬುದನ್ನು ಮನೆಯೇ ಹೇಳಬೇಕು.

ಇನ್ನೊಂದು ಸೂಕ್ಷ್ಮ. ಈ ಸ್ಪೀಕರಿನ ಮೇಲೆ 8 ಓಮ್ ಎಂದು ಬರೆದಿದ್ದರೂ ಕನಿಷ್ಠ 3 ಓಮ್‌ವರೆಗೆ ಇಳಿಯುತ್ತದೆ ಎಂದು ಕಂಪನಿಯೇ ಹೇಳುತ್ತದೆ. 25.2 ವೋಲ್ಟಿನ ಶಿಖರ 35.6, ಅದನ್ನು 3ರಿಂದ ಭಾಗಿಸಿದರೆ ಹತ್ತಿರ ಹತ್ತಿರ 12 ಆಂಪಿಯರ್. ಆ ಕ್ಷಣಕ್ಕೆ ಅಷ್ಟು ಕರೆಂಟು ಹರಿಸದ ಆಂಪ್ ಎಷ್ಟು ವ್ಯಾಟ್ ಬರೆದುಕೊಂಡರೂ ಪ್ರಯೋಜನವಿಲ್ಲ. ಇದನ್ನು ತಿಳಿಯಲು 4 ಓಮಿನ ಅಂಕಿ ನೋಡಬೇಕು. ಲಕ್ಸ್‌ಮನ್ 4 ಓಮ್‌ಗೆ 210 ವ್ಯಾಟ್ ಕೊಡುತ್ತದೆ, ಅಂದರೆ 29 ವೋಲ್ಟ್. ಹೊರೆ ದುಪ್ಪಟ್ಟಾದರೂ ವೋಲ್ಟ್ ಬಹುತೇಕ ಕುಸಿದಿಲ್ಲ, ಪವರ್ ಸಪ್ಲೈ ಗಟ್ಟಿ ಎಂಬುದಕ್ಕೆ ಇದೇ ಗುರುತು. ಎನ್ಎಡಿ 8ಕ್ಕೂ 4ಕ್ಕೂ 200 ವ್ಯಾಟ್ ಎಂದೇ ಬರೆಯುತ್ತದೆ. 4 ಓಮ್‌ಗೆ ಅದು 28.3 ವೋಲ್ಟ್. ನಿರಂತರ ಶಕ್ತಿಯ ಲೆಕ್ಕದಲ್ಲಿ 200ರ ಎನ್ಎಡಿ, 110ರ ಲಕ್ಸ್‌ಮನ್ ಈ ಹೊರೆಯ ಮುಂದೆ ಸಮಸಮ ಎಂದಾಯಿತು. ಹೆಗೆಲ್ 2 ಓಮ್‌ವರೆಗೂ ನಿಲ್ಲುತ್ತದೆ ಎಂದು ಕಂಪನಿ ಹೇಳುತ್ತದೆ.

ಡ್ಯಾಂಪಿಂಗ್ ಫ್ಯಾಕ್ಟರ್ ಎಂಬ ಮೋಹ

ಹೆಗೆಲ್‌ನ ಡ್ಯಾಂಪಿಂಗ್ ಫ್ಯಾಕ್ಟರ್ (ಸ್ಪೀಕರಿನ 8 ಓಮನ್ನು ಆಂಪ್‌ನ ಒಳರೋಧದಿಂದ ಭಾಗಿಸಿದಾಗ ಬರುವ ಅಂಕಿ) 4000ಕ್ಕೂ ಹೆಚ್ಚು. ಅಂಗಡಿಗಳಲ್ಲಿ ಬಾಸ್ ಬಿಗಿ ಎಂದು ಹೇಳುವಾಗ ಈ ಅಂಕಿಯನ್ನೇ ಮುಂದಿಡುತ್ತಾರೆ. ಈ ಮನೆಯಲ್ಲಿ ಆಂಪ್‌ನಿಂದ ಪ್ರತಿ ಸ್ಪೀಕರಿಗೆ 4 ಮೀಟರ್, 2.5 ಚದರ ಮಿ.ಮೀ. ತಾಮ್ರದ ಕೇಬಲ್. ಹೋಗಿ ಬರುವ ದಾರಿ ಸೇರಿ 8 ಮೀಟರ್, ರೋಧ 0.064 ಓಮ್. ಹೆಗೆಲ್‌ನ ಒಳರೋಧ 0.002 ಓಮ್. ಎರಡೂ ಸೇರಿದರೆ ಸ್ಪೀಕರಿನ ಬಾಯಲ್ಲಿ ಉಳಿಯುವ ಡ್ಯಾಂಪಿಂಗ್ 121. ಡ್ಯಾಂಪಿಂಗ್ 250 ಇರುವ ಆಂಪ್ ಇಟ್ಟರೆ ಅದೇ ಕೇಬಲಿನ ತುದಿಯಲ್ಲಿ 83. ಸ್ಪೀಕರ್ 3 ಓಮ್‌ನಿಂದ 20 ಓಮ್‌ವರೆಗೆ ಏರಿಳಿದರೂ ಇವೆರಡರ ನಡುವೆ ಸದ್ದಿನ ವ್ಯತ್ಯಾಸ 0.1 ಡಿಬಿಯನ್ನೂ ಮುಟ್ಟುವುದಿಲ್ಲ. ಇದನ್ನು ಕೇಳಿ ಗುರುತಿಸುತ್ತೇನೆ ಎನ್ನುವುದು ಕಷ್ಟದ ಮಾತು. ಕೇಬಲನ್ನು 4 ಚದರ ಮಿ.ಮೀ.ಗೆ ಏರಿಸಿ, ಅರ್ಧ ಮೀಟರ್ ಕತ್ತರಿಸಿ ಗಿಡ್ಡ ಮಾಡಿದರೆ ಹೆಚ್ಚುಕಡಿಮೆ ಅಷ್ಟೇ ಲಾಭ ಅಲ್ಪ ಖರ್ಚಿನಲ್ಲಿ ಸಿಗುತ್ತದೆ.

ಮೊದಲ ಹೋಲಿಕೆ ಎಲ್ಲಿ ದಾರಿ ತಪ್ಪಿತು

ಮೊದಲ ದಿನ ವಾಲ್ಯೂಮ್ ಅನ್ನು ಅಂದಾಜಿಗೆ ಇಟ್ಟು ಕೇಳಲಾಗಿತ್ತು. ಒಂದರಲ್ಲಿ ತಿರುಪು ಗಡಿಯಾರದ ಹತ್ತು ಗಂಟೆಯ ದಿಕ್ಕಿಗೆ, ಇನ್ನೊಂದರಲ್ಲಿ ಪರದೆಯ ಮೇಲಿನ ಅಂಕಿ. ಕೂತ ನಾಲ್ವರಲ್ಲಿ ಮೂವರು ಹೆಗೆಲ್ ಮೈತುಂಬಿ ಹಾಡುತ್ತದೆ, ಮೃದಂಗದ ಎಡಬದಿಗೆ ತೂಕವಿದೆ ಎಂದರು. ಮರುದಿನ ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದಾಗ ಕಾರಣ ಸಿಕ್ಕಿತು: ಲಕ್ಸ್‌ಮನ್‌ನಲ್ಲಿ 2.83 ವೋಲ್ಟ್ ಇದ್ದ ಜಾಗದಲ್ಲಿ ಹೆಗೆಲ್ 3.28 ವೋಲ್ಟ್ ಕೊಡುತ್ತಿತ್ತು. 1.3 ಡಿಬಿ ಹೆಚ್ಚು. ಇಷ್ಟು ಸಣ್ಣ ಏರಿಕೆ ಕಿವಿಗೆ ಜೋರಾಗಿ ಕೇಳಿಸುವುದಿಲ್ಲ, ಚೆನ್ನಾಗಿ ಕೇಳಿಸುತ್ತದೆ. ಸದ್ದು ಕಡಿಮೆಯಾದಷ್ಟೂ ಕಿವಿಗೆ ಬಾಸ್ ಹೆಚ್ಚು ಮಂಕಾಗುತ್ತದೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ತುಸು ಏರಿಸಿದರೆ ಬಾಸ್ ತಾನೇ ತುಂಬಿಕೊಳ್ಳುತ್ತದೆ. ಡೆಮೊ ಕೋಣೆಗಳಲ್ಲಿ ನಡೆಯುವ ಅರ್ಧಕ್ಕರ್ಧ ತೀರ್ಮಾನ ಹೀಗೆಯೇ ಆಗುತ್ತದೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಸರಿಪಡಿಸುವ ಕ್ರಮ ಸರಳ. 400 ಹರ್ಟ್ಸ್‌ನ ಶುದ್ಧ ಸೈನ್ ಸದ್ದಿನ ಫೈಲ್ ಒಂದನ್ನು ಸ್ಟ್ರೀಮರ್‌ನಲ್ಲಿ ನುಡಿಸಿ. 1000ದ ಬದಲು 400 ಏಕೆಂದರೆ ಅಗ್ಗದ ಮೀಟರುಗಳ ಎಸಿ ಓದು ಹೆಚ್ಚಿನ ಕಂಪನಾಂಕದಲ್ಲಿ ತಪ್ಪುತ್ತದೆ. ಸ್ಪೀಕರ್ ಜೋಡಿಸಿರುವಾಗಲೇ ಟರ್ಮಿನಲ್‌ನಲ್ಲಿ ಟ್ರೂ ಆರ್‌ಎಂಎಸ್ ಮೀಟರ್ ಹಿಡಿದು ಪ್ರತಿ ಆಂಪ್ ಅನ್ನೂ ಒಂದೇ ವೋಲ್ಟಿಗೆ ತನ್ನಿ. 0.1 ಡಿಬಿ ಎಂದರೆ ಶೇ 1.2, 2.83ಕ್ಕೆ 0.03 ವೋಲ್ಟ್ ಆಚೀಚೆ ಇದ್ದರೆ ಸಾಕು. ಆಂಪ್‌ನ ಹೆಜ್ಜೆ ಅಷ್ಟು ಸಣ್ಣದಿಲ್ಲದಿದ್ದರೆ ಉಳಿದ ಚೂರನ್ನು ಸ್ಟ್ರೀಮರ್‌ನ ಡಿಜಿಟಲ್ ವಾಲ್ಯೂಮ್‌ನಲ್ಲಿ ಹೊಂದಿಸಿ. ಎಡ ಬಲ ಎರಡನ್ನೂ ಅಳೆಯಿರಿ. ಟೋನ್, ಲೌಡ್‌ನೆಸ್ ಎಲ್ಲ ಆಫ್, ಎನ್ಎಡಿಯಲ್ಲಿ ಡಿರ್ಯಾಕ್ ಆಫ್. ಒಂದಕ್ಕೆ ಮೂರು ಪಿನ್ನಿನ ಬ್ಯಾಲೆನ್ಸ್ಡ್ ವೈರಾದ ಎಕ್ಸ್‌ಎಲ್‌ಆರ್, ಇನ್ನೊಂದಕ್ಕೆ ಸಾಮಾನ್ಯ ಆರ್‌ಸಿಎ ಹಾಕಿದರೆ ಬ್ಯಾಲೆನ್ಸ್ಡ್ ಕಡೆ ಸಾಮಾನ್ಯವಾಗಿ 6 ಡಿಬಿ ಹೆಚ್ಚು ಬರುತ್ತದೆ, ಆದ್ದರಿಂದ ಎಲ್ಲಕ್ಕೂ ಒಂದೇ ಬಗೆಯ ವೈರು. ಕೆಲವು ಜಪಾನೀ ಆಂಪ್‌ಗಳ ಎಕ್ಸ್‌ಎಲ್‌ಆರ್‌ನಲ್ಲಿ 2ರ ಬದಲು 3ನೇ ಪಿನ್ ಹಾಟ್, ಅಂದರೆ ಸಂಕೇತದ ಪ್ಲಸ್ ತುದಿ, ಆಗಿರುತ್ತದೆ. ಎರಡೂ ಚಾನೆಲ್ ಒಟ್ಟಿಗೆ ತಿರುಗುವುದರಿಂದ ಏನೂ ಕೆಡುವುದಿಲ್ಲ, ಆದರೂ ಹೋಲಿಸುವಾಗ ಫೇಸ್ ಬಟನ್ ಒತ್ತಿ ಸಮ ಮಾಡಿಕೊಳ್ಳಬೇಕು.

ಆಂಪ್ ಬದಲಿಸುವ ಸ್ವಿಚ್‌ಗೆ ಬಜಾರಿನ ಸ್ಪೀಕರ್ ಸೆಲೆಕ್ಟರ್ ಡಬ್ಬ ಬಳಸಬೇಡಿ. ಅವುಗಳಲ್ಲಿ ಹಲವು ಎಲ್ಲ ಆಂಪ್‌ಗಳ ಮೈನಸ್ ತಂತಿಯನ್ನು ಒಳಗೇ ಕೂಡಿಸಿರುತ್ತವೆ. ಮೈನಸ್ ತುದಿ ಗ್ರೌಂಡ್‌ನಲ್ಲಿಲ್ಲದ ಆಂಪ್ ಅದಕ್ಕೆ ಸಿಕ್ಕಿದರೆ ಔಟ್‌ಪುಟ್ ಹಂತ ಕ್ಷಣದಲ್ಲಿ ಸುಟ್ಟುಹೋಗಬಹುದು. ಇಲ್ಲಿ 16 ಆಂಪಿಯರ್ ತಾಳುವ ರಿಲೇಗಳಿಂದ ಪ್ಲಸ್ ಮೈನಸ್ ಎರಡನ್ನೂ ಬಿಡಿಸಿ ಜೋಡಿಸುವ ಡಬ್ಬ ಮಾಡಲಾಯಿತು; ಹಳೆಯದು ಪೂರ್ತಿ ಬಿಟ್ಟ ಮೇಲೆಯೇ ಹೊಸದು ಹಿಡಿಯುವ ಬಗೆ. ಆಂಪ್‌ಗಳ ಮುಂದೆ ಪಂಚೆಯ ಪರದೆ, ಪರದೆಯ ಹಿಂದೆ ನಾಣ್ಯ ಚಿಮ್ಮಿ ಸ್ವಿಚ್ ಒತ್ತುವ ಒಬ್ಬರು.

ಹದಿನಾರು ಸುತ್ತು, ಪ್ರತಿ ಸುತ್ತಿನಲ್ಲೂ ನುಡಿಯುತ್ತಿರುವ ಆಂಪ್ ಯಾವುದೆಂದು ಕೇಳುವವರು ಹೇಳಬೇಕು. ಬರೀ ಊಹೆಯಿಂದ 8 ಸರಿಯಾಗಬಹುದು. ಬರೀ ಅದೃಷ್ಟದಿಂದ 12 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಶೇ 4ಕ್ಕಿಂತ ಕಡಿಮೆ. ಬೆಳಿಗ್ಗೆ ಕೂತಾಗ ಲಕ್ಸ್‌ಮನ್–ಹೆಗೆಲ್ ಜೋಡಿಯಲ್ಲಿ 9 ಸರಿ, ಲಕ್ಸ್‌ಮನ್–ಎನ್ಎಡಿಯಲ್ಲಿ 10. ವ್ಯತ್ಯಾಸ ಸಾಬೀತಾಗಲಿಲ್ಲ. ಹೆಗೆಲ್‌ಗೆ ತೂಕವಿದೆ ಎಂದಿದ್ದ ಮೂವರೂ ಈಗ ಗೊಂದಲಕ್ಕೆ ಬಿದ್ದರು.

ಆದರೆ ಅದೇ ದಿನ ಸಂಜೆ ಏಳರ ನಂತರ, ವಾಲ್ಯೂಮ್ ಏರಿಸಿ ಚಂಡೆ ಹಾಕಿದಾಗ, ಲಕ್ಸ್‌ಮನ್–ಹೆಗೆಲ್ ಜೋಡಿಯಲ್ಲಿ 16ಕ್ಕೆ 13 ಸರಿಯಾಯಿತು. ಲಕ್ಸ್‌ಮನ್‌ನ ಸರದಿಯಲ್ಲಿ ಪೆಟ್ಟಿನ ತುದಿ ಒರಟಾಗಿ, ಹರಿದ ಹಾಗೆ ಕೇಳುತ್ತಿತ್ತು. "ಸಂಜೆ ಆದ್ರೆ ಇದಕ್ಕೆ ಸುಸ್ತಾಗುತ್ತಲ್ಲಪ್ಪ" ಎಂದು ಮಗಳು ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು. ಬೆಳಿಗ್ಗೆ ಇಲ್ಲದ ವ್ಯತ್ಯಾಸ ಸಂಜೆಗೆ ಬಂದಿದ್ದರೆ ಬದಲಾದದ್ದು ಆಂಪ್ ಅಲ್ಲ.

ಗೋಡೆಯ ಪ್ಲಗ್ಗು

ನಾಲ್ಕು ದಿನ ವೋಲ್ಟೇಜ್ ಬರೆದಿಡಲಾಯಿತು. ಅದು ಜನವರಿ, ತೋಟದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಓಡುವ ಕಾಲ. ನಡುರಾತ್ರಿ 238, ಬೆಳಿಗ್ಗೆ ಹತ್ತಕ್ಕೆ 226, ಸಂಜೆ ಗೀಸರ್, ಮಿಕ್ಸಿ, ಫ್ರಿಜ್ ಸೇರಿ 15 ಆಂಪಿಯರ್ ಎಳೆಯುವಾಗ 195. 5 ಎಚ್‌ಪಿಯ ಪಲ್ಪರ್ ಮೋಟಾರು ಶುರುವಾಗುವ ಒಂದೆರಡು ಸೆಕೆಂಡು 178ಕ್ಕೆ ಕುಸಿತ. ನೇರ ಸ್ಟಾರ್ಟರ್ ಮೇಲೆ ಓಡುವ ಮೋಟಾರು ಶುರುವಿನಲ್ಲಿ ತನ್ನ ಸಾಮಾನ್ಯ ಕರೆಂಟಿನ ಆರು ಪಟ್ಟು ಎಳೆಯುವುದರಿಂದ ಇದು ಸಹಜ.

ಈಗ ಮೊದಲಿನ ಲೆಕ್ಕಕ್ಕೆ ಮರಳಿ. ಎಬಿ ಕ್ಲಾಸಿನ ಆಂಪ್‌ಗಳ ದೊಡ್ಡ ಟ್ರಾನ್ಸ್‌ಫಾರ್ಮರಿನ ಪವರ್ ಸಪ್ಲೈಗೆ ಸಾಮಾನ್ಯವಾಗಿ ನಿಯಂತ್ರಣವಿರುವುದಿಲ್ಲ. ಗೋಡೆಯಲ್ಲಿ ಎಷ್ಟು ಇಳಿಯಿತೋ ಒಳಗೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 230ರಲ್ಲಿ 29.7 ವೋಲ್ಟ್ ಕೊಡುವ ಆಂಪ್‌ಗೆ 195ರಲ್ಲಿ ಉಳಿಯುವುದು 25.2. ಬೇಕಿದ್ದದ್ದೂ ಸರಿಯಾಗಿ 25.2. ಮೇಲೆ ಒಂದಿಷ್ಟೂ ಜಾಗವಿಲ್ಲ. ಪಲ್ಪರ್ ಶುರುವಾದ ಕ್ಷಣದಲ್ಲಿ 23. ಪೆಟ್ಟಿನ ತಲೆ ಕತ್ತರಿಸಿಹೋಯಿತು. ಹೆಗೆಲ್ ಅದೇ 178ರಲ್ಲೂ 34 ವೋಲ್ಟಿನ ಮೇಲಿರುತ್ತದೆ, ಹಾಗಾಗಿ ಅದರ ಮೇಲೆ ಪರಿಣಾಮವಾಗಲಿಲ್ಲ. ಸ್ವಿಚಿಂಗ್ ಸಪ್ಲೈ ಇರುವ ಡಿ ಕ್ಲಾಸ್ ಆಂಪ್‌ಗಳ ನಡತೆ ಬೇರೆ. ಒಳಗೆ ನಿಯಂತ್ರಣವಿರುವ ವಿನ್ಯಾಸವಾದರೆ ಗೋಡೆಯ ವೋಲ್ಟ್ ಇಳಿದಾಗ ಹೆಚ್ಚು ಕರೆಂಟು ಎಳೆದು ಸರಿದೂಗಿಸಿಕೊಳ್ಳುತ್ತವೆ, ಒಂದು ಮಿತಿಯ ಕೆಳಗೆ ಹೋದರೆ ಸುಮ್ಮನೆ ಆಫ್ ಆಗುತ್ತವೆ.

ಇಲ್ಲಿ ಸುಲಭದ ದಾರಿ ಹೆಗೆಲ್ ಕೊಂಡುಬಿಡುವುದು. ಅದು ತಪ್ಪೂ ಅಲ್ಲ. ಆದರೆ 195 ವೋಲ್ಟ್ ಬರುತ್ತಿರುವ ಮನೆಯಲ್ಲಿ ಬೇರೇನೋ ಕೆಟ್ಟಿದೆ, ಅದನ್ನು ದೊಡ್ಡ ಆಂಪ್ ಇಟ್ಟು ಮುಚ್ಚುವುದು ಅಪಾಯ. ಪ್ಲಗ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳೆದಾಗ 13 ವೋಲ್ಟ್ ಬಂತು. ಎರಡು ಮೂರಕ್ಕಿಂತ ಹೆಚ್ಚಿದ್ದರೆ ಹುಡುಕಲೇಬೇಕು. ಮನೆಯ ಮೇನ್ ಸ್ವಿಚ್ಚಿನಲ್ಲೇ ನ್ಯೂಟ್ರಲ್ ಸ್ಕ್ರೂ ಸಡಿಲವಾಗಿ, ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿತ್ತು. ಸುಮಾರು 8 ವೋಲ್ಟ್ ಅಲ್ಲೇ ಸುಡುತ್ತಿತ್ತು. ತ್ರೀಫೇಸ್ ಸಂಪರ್ಕವಿರುವ ಮನೆಯಲ್ಲಿ ಆ ನ್ಯೂಟ್ರಲ್ ಪೂರ್ತಿ ಬಿಟ್ಟುಹೋಗಿದ್ದರೆ ಪ್ಲಗ್‌ನಲ್ಲಿ 400ರ ಹತ್ತಿರ ಬರಬಹುದಿತ್ತು. ಆಂಪ್ ಮಾತ್ರವಲ್ಲ, ಮನೆಯಲ್ಲಿರುವ ಎಲ್ಲವೂ ಹೋಗುತ್ತಿದ್ದವು.

ಎರಡನೆಯದು ಮೀಟರ್ ಬೋರ್ಡಿನಿಂದ ಮನೆಗೆ 45 ಮೀಟರ್ ಎಳೆದಿದ್ದ ಹಳೆಯ 4 ಚದರ ಮಿ.ಮೀ. ಅಲ್ಯೂಮಿನಿಯಂ ತಂತಿ. ಹೋಗಿ ಬರುವ 90 ಮೀಟರಿಗೆ 0.67 ಓಮ್, 15 ಆಂಪಿಯರ್‌ಗೆ 10 ವೋಲ್ಟ್ ನಷ್ಟ. ಅದನ್ನು 10 ಚದರ ಮಿ.ಮೀ. ತಾಮ್ರಕ್ಕೆ ಬದಲಿಸಿದ ಮೇಲೆ ನಷ್ಟ ಎರಡೂವರೆ ವೋಲ್ಟಿಗೆ ಇಳಿಯಿತು. ಸಂಜೆಯ ಓದು 195ರಿಂದ 210ಕ್ಕೆ ಏರಿತು, ನ್ಯೂಟ್ರಲ್–ಅರ್ಥ್ ಒಂದೂವರೆಗೆ ಬಂತು. ಇಷ್ಟಕ್ಕೆ ಆದ ಖರ್ಚು, ಆಂಪ್‌ಗಳ ಬೆಲೆಯ ಮುಂದೆ ಏನೇನೂ ಅಲ್ಲ.

ಉಳಿದ 20 ವೋಲ್ಟಿಗೆ 3 ಕೆವಿಎ ಸರ್ವೋ ಸ್ಟೆಬಿಲೈಸರ್, ಒಳಗಿನ ಮೋಟಾರಿನಿಂದ ವೋಲ್ಟನ್ನು ನಯವಾಗಿ ಹೊಂದಿಸುವ ಬಗೆಯದು. ರಿಲೇ ಬಗೆಯ ಅಗ್ಗದ ಸ್ಟೆಬಿಲೈಸರ್ ಬೇಡ: ಅದು ಹತ್ತು ಇಪ್ಪತ್ತು ವೋಲ್ಟಿನ ಮೆಟ್ಟಿಲಲ್ಲಿ ಹಾರುತ್ತದೆ, ಪ್ರತಿ ಹಾರಿಕೆಗೂ ಒಂದು ಟಕ್ ಸದ್ದು, ಕ್ಷಣಕಾಲ ಕರೆಂಟ್ ಕಡಿತ. 500 ವಿಎ ಟಿವಿ ಸ್ಟೆಬಿಲೈಸರ್ ಇನ್ನೂ ಕೆಟ್ಟದು. ಆಂಪ್‌ನ ಕೆಪಾಸಿಟರ್‌ಗಳು ವೋಲ್ಟಿನ ಅಲೆಯ ತುತ್ತತುದಿಯಲ್ಲಷ್ಟೇ ಒಮ್ಮೆಗೇ ಎಳೆಯುತ್ತವೆ. ಸಣ್ಣ ಸ್ಟೆಬಿಲೈಸರ್ ಅಷ್ಟನ್ನು ಕೊಡಲಾಗದೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಮೀಟರಿನಲ್ಲಿ 230 ತೋರಿಸಿದರೂ ಒಳಗಿನ ವೋಲ್ಟ್ ಇಳಿದಿರುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಆಂಪ್ ಓಡಿಸಬಾರದು ಎನ್ನುವುದಕ್ಕೂ ಇದೇ ಕಾರಣ: ಸೈನ್ ಅಲೆಯ ಶಿಖರ 325, ಸ್ಕ್ವೇರ್‌ನದು 230ರ ಆಸುಪಾಸು; 3 ಡಿಬಿ ಅಲ್ಲೇ ಹೋಯಿತು, ಮೇಲೆ ಟ್ರಾನ್ಸ್‌ಫಾರ್ಮರ್ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ. ಸರ್ವೋ ಒಳಗಿನ ಮೋಟಾರು ಸಣ್ಣಗೆ ಸದ್ದು ಮಾಡುವುದರಿಂದ ಅದನ್ನು ಹಜಾರದ ಹೊರಗೆ ಪಡಸಾಲೆಯಲ್ಲಿ ಇಡಲಾಗಿದೆ. ಕಾರ್ಬನ್ ಬ್ರಷ್ ವರ್ಷಕ್ಕೊಮ್ಮೆ ನೋಡಿಸಬೇಕು. ಪಲ್ಪರ್‌ನ ಒಂದು ಸೆಕೆಂಡಿನ ಕುಸಿತವನ್ನು ಅದು ಪೂರ್ತಿ ಹಿಡಿಯಲಾರದು, ಆದರೆ 230ರಿಂದ ಇಳಿಯುವುದಕ್ಕೂ 195ರಿಂದ ಇಳಿಯುವುದಕ್ಕೂ ವ್ಯತ್ಯಾಸವಿದೆ.

ಇದರ ಜೊತೆಗೆ ಆಂಪ್‌ಗೇ ಮೀಸಲಾದ 4 ಚದರ ಮಿ.ಮೀ. ತಾಮ್ರದ ಲೈನು, 16 ಆಂಪಿಯರ್ ಸಾಕೆಟ್ಟು, ಸಿ ಬಗೆಯ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್). ಮೊದಲು ಇದ್ದ 10 ಆಂಪಿಯರ್ ಬಿ ಬಗೆಯದು ಹತ್ತು ಸಲಕ್ಕೊಮ್ಮೆ ಆಂಪ್ ಆನ್ ಮಾಡುವಾಗಲೇ ಬೀಳುತ್ತಿತ್ತು. ಆಂಪ್ ಕೆಟ್ಟಿತೆಂದು ಹೆದರಬೇಕಿಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರ್ ಶುರುವಿನ ಕ್ಷಣದಲ್ಲಿ ಹತ್ತಾರು ಪಟ್ಟು ಕರೆಂಟು ಎಳೆಯುತ್ತದೆ. 190ರ ಕೆಳಗೆ, 255ರ ಮೇಲೆ ಕಡಿತ ಮಾಡುವ ರಿಲೇ ಕೂಡ ಬೋರ್ಡಿನಲ್ಲಿ ಕೂತಿದೆ, ಒಂದೆರಡು ಸೆಕೆಂಡಿನ ಕುಸಿತಕ್ಕೆ ಬೀಳದಂತೆ ಐದು ಸೆಕೆಂಡಿನ ತಡೆ ಇಟ್ಟು. ಕಂಬದ ತಂತಿಯಿಂದ ಕರೆಂಟು ಬರುವ ಮನೆಯಾದ್ದರಿಂದ ಸಿಡಿಲಿಗೆ ಟೈಪ್ 1+2 ಎಸ್‌ಪಿಡಿ (ಸಿಡಿಲಿನ ಹೊಡೆತವನ್ನು ಅರ್ಥ್‌ಗೆ ಹರಿಸುವ ಸಾಧನ) ಹಾಕಿದೆ. ಹಾಗಿದ್ದರೂ ಏಪ್ರಿಲ್ ಮೇ ತಿಂಗಳ ಗುಡುಗಿಗೆ ಪ್ಲಗ್ ಕೀಳುವುದೇ ಖಾತ್ರಿ. ನೆಟ್‌ವರ್ಕ್ ವೈರು, ಡಿಶ್ ಕೇಬಲನ್ನೂ ಕೀಳಬೇಕು, ಹಲವು ಸಲ ಸಿಡಿಲು ಬರುವುದು ಆ ದಾರಿಯಲ್ಲೇ.

ಎಲ್ಲ ಆದ ಮೇಲೆ ಸಂಜೆಯ ಪರೀಕ್ಷೆಯನ್ನು ಅದೇ ಚಂಡೆ, ಅದೇ ಸದ್ದಿನಲ್ಲಿ ಮತ್ತೆ ಮಾಡಲಾಯಿತು. 16ಕ್ಕೆ 8.

ಹಜಾರವೇ ಬಾರಿಸುತ್ತಿದ್ದ ಸ್ವರ

ಮೂರೂ ಆಂಪ್‌ಗಳಲ್ಲಿ ಒಂದು ದೂರು ಸಮಾನವಾಗಿತ್ತು: ಕೆಲವು ಬಾಸ್ ಸ್ವರ ಉಬ್ಬಿ ಗುಮ್ಮೆನ್ನುತ್ತದೆ. ಅಳತೆಯ ಮೈಕ್ ಮತ್ತು ಆರ್‌ಇಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ನೋಡಿದಾಗ 47 ಹರ್ಟ್ಸ್‌ನಲ್ಲಿ 8 ಡಿಬಿ ಉಬ್ಬು. 24 ಅಡಿ ಉದ್ದದ ಕೋಣೆಯ ಎರಡನೇ ಅನುರಣನ ಸರಿಯಾಗಿ ಅಲ್ಲೇ ಬರುತ್ತದೆ. ಸ್ಪೀಕರ್ ತನ್ನ ಬೆನ್ನ ಹಿಂದಿನ ಗೋಡೆಯಿಂದ 3 ಅಡಿ, ಕುರ್ಚಿ ಅದೇ ಗೋಡೆಯಿಂದ 14 ಅಡಿಯಲ್ಲಿತ್ತು. ಕೋಣೆಯ ನಡುಮಧ್ಯಕ್ಕೆ ಹತ್ತಿರ ಕೂತರೆ ಈ ಅನುರಣನ ಅತಿ ಜೋರಾಗಿ ಸಿಗುತ್ತದೆ. ಸ್ಪೀಕರ್, ಕುರ್ಚಿ ಎರಡನ್ನೂ ಆ ಗೋಡೆಯಿಂದ ಇನ್ನೂ 2 ಅಡಿ ದೂರಕ್ಕೆ ಸರಿಸಲಾಯಿತು: ಸ್ಪೀಕರ್ 5 ಅಡಿಗೆ, ಕುರ್ಚಿ 16ಕ್ಕೆ. ನಡುವಿನ ದೂರ ಅದೇ 11 ಅಡಿ, ವೋಲ್ಟಿನ ಲೆಕ್ಕ ಬದಲಾಗಲಿಲ್ಲ. ಉಬ್ಬು 3 ಡಿಬಿಗೆ ಇಳಿಯಿತು. ಯಾವ ಆಂಪ್ ಬದಲಿಸಿದರೂ ಸಿಗದ 5 ಡಿಬಿ ಇದು, ಕುರ್ಚಿ ಎಳೆದಿದ್ದಕ್ಕೆ ಸಿಕ್ಕಿತು.

ಜಾಗ ಸರಿಸಲು ಆಗದ ಮನೆಯಾಗಿದ್ದರೆ ತೀರ್ಪು ಎನ್ಎಡಿಯ ಕಡೆಗೆ ವಾಲುತ್ತಿತ್ತು. ಡಿರ್ಯಾಕ್ ಇಂಥ ಉಬ್ಬನ್ನು ಚೆನ್ನಾಗಿ ಕತ್ತರಿಸುತ್ತದೆ, ಮುಂದೆ ಸಬ್‌ವೂಫರ್ ಸೇರಿಸಿದರೂ ಹೊಂದಿಸಿಕೊಡುತ್ತದೆ. ಆ ಕೆಲಸ ಉಳಿದೆರಡಕ್ಕೆ ಬಾರದು.

ತೀರ್ಮಾನ ಮತ್ತು ಅದರ ಕಾರಣ

ಸದ್ದಿನಲ್ಲಿ ಮೂರೂ ಸಮವಾದ ಮೇಲೆ ಉಳಿದದ್ದು ಬಳಕೆ ಮತ್ತು ಬಾಳಿಕೆ. ಎಲ್‌ಪಿಗೆ ಫೋನೋ ಬೇಕು. ಹೆಗೆಲ್ ಆದರೆ ಇನ್ನೊಂದು ಡಬ್ಬ, ಇನ್ನೊಂದು ಪ್ಲಗ್ಗು. ಇಪ್ಪತ್ತು ವರ್ಷ ಎಂದರೆ ಸ್ಟ್ರೀಮಿಂಗ್ ಬೋರ್ಡು, ಟಚ್ ಪರದೆ, ಆ್ಯಪ್ ಇವು ಆಂಪ್‌ಗಿಂತ ಮೊದಲು ಮುದಿಯಾಗುತ್ತವೆ. ಒಳಗೆ ಡಿಜಿಟಲ್ ಏನೂ ಇಲ್ಲದ ಲಕ್ಸ್‌ಮನ್‌ನಲ್ಲಿ ಹಳತಾಗುವುದು ಹೊರಗಿನ ಸ್ಟ್ರೀಮರ್ ಮಾತ್ರ, ಅದನ್ನು ಬದಲಿಸಿಕೊಳ್ಳಬಹುದು. ಆಯ್ಕೆ ಲಕ್ಸ್‌ಮನ್‌ಗೆ ಹೋಯಿತು, ಒಂದು ಷರತ್ತಿನ ಮೇಲೆ: ವೈರಿಂಗ್ ಮತ್ತು ಸರ್ವೋ ಆದ ಮೇಲೆಯೇ ಆರ್ಡರ್. ವೈರಿಂಗ್ ಮುಟ್ಟಲಾಗದ ಬಾಡಿಗೆ ಮನೆಯಾಗಿದ್ದರೆ, ಅಥವಾ ಕೂರುವ ದೂರ ಹದಿನೈದು ಅಡಿಯಾಗಿದ್ದರೆ, ಹೆಗೆಲ್ ಸರಿ. ಆಗ ಆ ಮೂರೂವರೆ ಡಿಬಿ ನಿಜಕ್ಕೂ ದುಡಿಯುತ್ತದೆ.

ಕೊಳ್ಳುವಾಗ ಹಿಂಬದಿಯ ಫಲಕ ಓದಲೇಬೇಕು. ಜಪಾನಿನ ಒಳಮಾರುಕಟ್ಟೆಯ ಸೆಟ್ಟುಗಳು 100 ವೋಲ್ಟಿನವು. ಅಗ್ಗವೆಂದು ಬೇರೆ ದಾರಿಯಲ್ಲಿ ತರಿಸಿ 230ಕ್ಕೆ ಚುಚ್ಚಿದರೆ ಅಂದೇ ಮುಗಿಯಿತು. ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸಿದರೂ ಇಲ್ಲಿ ವಾರಂಟಿ ಸಿಗುವುದಿಲ್ಲ. ಡಬ್ಬ ಮತ್ತು ಥರ್ಮೋಕೋಲನ್ನು ಅಟ್ಟದ ಮೇಲೆ ಜೋಪಾನವಾಗಿಡಿ. 25 ಕೆಜಿಯ ಆಂಪ್ ಅನ್ನು ರಿಪೇರಿಗೆಂದು ದೂರದ ಬೆಂಗಳೂರಿಗೆ ಅದರ ಮೂಲ ಡಬ್ಬವಿಲ್ಲದೆ ಕಳಿಸಿದರೆ ಟ್ರಾನ್ಸ್‌ಫಾರ್ಮರಿನ ತೂಕಕ್ಕೇ ಚಾಸಿ ಬಾಗಬಹುದು.

ಮಲೆನಾಡಿನ ಮಳೆಗಾಲಕ್ಕೆ ಬೇರೆಯೇ ಆರೈಕೆ. ಗಾಜಿನ ಬಾಗಿಲಿನ ಶೋಕೇಸಿನಲ್ಲಿ ಆಂಪ್ ಇಡಬಾರದು. ಓಡುವಾಗ ಬಿಸಿ ಹೊರಹೋಗದು, ನಿಂತಾಗ ತೇವ ಹೊರಹೋಗದು, ಬೂಷ್ಟು ಹಿಡಿಯುತ್ತದೆ. ಮೇಲೆ ಒಂದು ಗೇಣು, ಪಕ್ಕಕ್ಕೆ ನಾಲ್ಕು ಬೆರಳು ಖಾಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಒಂದು ಗಂಟೆಯಾದರೂ ಓಡಿಸಿದರೆ ಒಳಗಿನ ತೇವ ಆರುತ್ತದೆ, ರಿಲೇ ಸಂಪರ್ಕಗಳು ಮಂಕಾಗುವುದಿಲ್ಲ. ಸ್ಪೀಕರ್ ವೈರಿನ ಬರಿ ತುದಿ ಇಲ್ಲಿ ಒಂದೇ ಮಳೆಗಾಲಕ್ಕೆ ಹಸಿರಾಗುತ್ತದೆ, ಆದ್ದರಿಂದ ಒತ್ತಿ ಕೂರಿಸಿದ ಬನಾನಾ ಪ್ಲಗ್. ಹಲ್ಲಿಗೆ ಬೆಚ್ಚನೆಯ ಆಂಪ್ ಬಲು ಇಷ್ಟ. ಗಾಳಿಕಿಂಡಿಯಿಂದ ಇಳಿದು ಟರ್ಮಿನಲ್ ಮೇಲೆ ಅಡ್ಡ ಮಲಗಿದರೆ ಎರಡೂ ಸಾಯುತ್ತವೆ. ಕಿಂಡಿಗೇ ಜಾಲರಿ ಅಂಟಿಸಿದರೆ ಗಾಳಿ ಕಟ್ಟುತ್ತದೆ. ಇಲ್ಲಿ ಇಡೀ ರ‍್ಯಾಕಿನ ಹಿಂಬದಿ ಮತ್ತು ಪಕ್ಕಗಳಿಗೆ ಸ್ಟೀಲಿನ ಸೊಳ್ಳೆ ಜಾಲರಿ ಹೊಡೆದು, ವೈರು ಬರುವ ತೂತಿಗೆ ರಬ್ಬರ್ ಬಿಲ್ಲೆ ಹಾಕಲಾಗಿದೆ. ಇಲಿ ಅಟ್ಟದಿಂದ ಇಳಿಯುವ ಮನೆಯಾದ್ದರಿಂದ ಸ್ಪೀಕರ್ ಕೇಬಲ್ ಪಿವಿಸಿ ಪೈಪಿನೊಳಗೆ ಓಡುತ್ತದೆ.

ಮೇನ್ ಸ್ವಿಚ್ಚಿನ ನ್ಯೂಟ್ರಲ್ ಸ್ಕ್ರೂವನ್ನು ಪ್ರತಿ ವರ್ಷ ಅಕ್ಟೋಬರಿನಲ್ಲಿ, ಪಲ್ಪರ್ ಶುರುವಾಗುವ ಮುನ್ನ, ಕರೆಂಟ್ ತೆಗೆದು ಬಿಗಿ ಮಾಡಿಸಬೇಕು. ಅದೇ ದಿನ ಅರ್ಥ್ ಗುಂಡಿಯನ್ನೂ ಅಳೆಯಿಸಿ, 5 ಓಮ್ ದಾಟಿದ್ದರೆ ಸರಿಪಡಿಸಬೇಕು. ಬೇಸಿಗೆಯಲ್ಲಿ ಕೆಂಪು ಮಣ್ಣು ಒಣಗಿ ಅರ್ಥ್ ಬಿಗಡಾಯಿಸುತ್ತದೆ, ಫೆಬ್ರುವರಿಯಿಂದ ಹೂಮಳೆ ಬೀಳುವವರೆಗೆ ವಾರಕ್ಕೆರಡು ಬಿಂದಿಗೆ ನೀರು ಆ ಗುಂಡಿಗೆ. ಈ ಎರಡು ಕೆಲಸದ ತಾರೀಕನ್ನು ಬೋರ್ಡಿನ ಬಾಗಿಲ ಒಳಬದಿಗೆ ಅಂಟಿಸಿದ ಚೀಟಿಯಲ್ಲಿ ಬರೆದಿಡಲಾಗಿದೆ, ಪಕ್ಕದಲ್ಲೇ ಸಂಜೆ ಏಳರ ವೋಲ್ಟೇಜ್ ಬರೆಯಲು ಒಂದು ಖಾಲಿ ಸಾಲು.